ಏನೂ ಕಳೆದಿಲ್ಲದ ಜಾಗ

ಮಾರ್ಚ್ 11, 2019, ಸೋಮವಾರ

ಸಂಜೆ ಆರೂವರೆ. ಎಜಿಸ್ತೊನ ಕೆಲಸದ ಕೋಣೆಯನ್ನು ಖಾಲಿ ಮಾಡುವುದರಲ್ಲೇ ದಿನ ಮುಗಿಯಿತು. ಅವನು ಹೋಗಿ ಇಪ್ಪತ್ತಾರು ದಿನ. ಅಡುಗೆಮನೆಯ ಬಾಗಿಲಿನಿಂದ ಅಂಗಳ ದಾಟಿದರೆ ಮೂವತ್ತು ಹೆಜ್ಜೆ, ಅಷ್ಟೇ. ಆದರೂ ಆ ಬೀಗ ತೆಗೆದದ್ದು ಇವತ್ತೇ ಮೊದಲು.

ಪ್ರೊಫೆಸರ್ ಮನ್ನೆಸ್ಕಿ ಫ್ಲಾರೆನ್ಸಿನಿಂದ ಬಂದಿದ್ದರು. ಒಬ್ಬಳೇ ಕೈಹಾಕಬೇಡ, ನಾನೇ ಬರುತ್ತೇನೆ ಎಂದು ಭಾನುವಾರ ತಾವಾಗಿಯೇ ಫೋನ್ ಮಾಡಿ ಹೇಳಿದ್ದರು. ನನ್ನ ಗಂಡನಿಗೂ ಅವರಿಗೂ ನಲವತ್ತೆರಡು ವರ್ಷದ ಸ್ನೇಹ. ಹಳೆಯ ಚಿತ್ರವನ್ನು ನೋಡಿ ಇದು ಇಂಥವನ ಕೈ ಎಂದು ಹೇಳುವುದು ಅವರ ವೃತ್ತಿ. ಅಂಥ ಚಿತ್ರಗಳ ಗಾಯ ಮುಚ್ಚುವುದು ಇವನದು. ಇವನು ಅವರನ್ನು ಫುಲ್ವಿಯೊ ಎಂದೇ ಕರೆಯುತ್ತಿದ್ದ. ನನಗೆ ಮಾತ್ರ ಅವರು ಯಾವತ್ತೂ ಪ್ರೊಫೆಸರ್.

ಅಂಟಿನ ಮಡಕೆ, ಬಣ್ಣದ ಪುಡಿಯ ಸೀಸೆಗಳು, ನೂರಾರು ಕುಂಚಗಳು. ನಾನು ಕಿಟಕಿಯ ಬಳಿ ಶುರುಮಾಡಿದೆ. ಪ್ರೊಫೆಸರ್ ಒಳಗೋಡೆಗೆ ಒರಗಿಸಿದ್ದ ಪಾಪ್ಲರ್ ಮರದ ಹಲಗೆಗಳ ಕಡೆ ಹೋದರು. ಆ ಕೋಣೆ ಅವರಿಗೆ ತಮ್ಮ ಜೇಬಿನಷ್ಟು ಪರಿಚಯ. ಆರನೆಯದೋ ಏಳನೆಯದೋ ಹಲಗೆ ಸರಿಸಿದಾಗ ಹಿಂದೆ ಕಂಬಳಿ ಸುತ್ತಿದ ಒಂದು ಚಿತ್ರ ಸಿಕ್ಕಿತು. ಮರದ ಮೇಲೆ ಬರೆದದ್ದು, ಕಿಟಕಿಯ ಒಂದು ಕದದಷ್ಟು ದೊಡ್ಡದು. ಮೇಲೆ ಬಳಿದ ಎಣ್ಣೆ ಕಂದುಬಣ್ಣಕ್ಕೆ ತಿರುಗಿ, ದೇವಮಾತೆಯ ನೀಲಿ ಸೆರಗೂ ಅವಳ ತೊಡೆಯ ಮೇಲಿನ ಮಗುವೂ ಮಸುಕುಮಸುಕಾಗಿ ಕಂಡವು. ಪ್ರೊಫೆಸರ್ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಇದನ್ನು ನಾನು ನೋಡಿಯೇ ಇರಲಿಲ್ಲ ಎಂದೆ. ಅವರೂ ನೋಡಿಲ್ಲವೆಂದರು. ತೇವದಲ್ಲಿ ಇದನ್ನು ಇನ್ನೊಂದು ದಿನವೂ ಇಡಬಾರದು, ಪರೀಕ್ಷೆಗೆ ಒಯ್ಯುತ್ತೇನೆ ಎಂದರು. ಪುಣ್ಯಕ್ಕೆ ಅವರ ಕಾರಿನಲ್ಲಿ ಒಳಗೆ ಹತ್ತಿ ಹಾಸಿದ ಪೆಟ್ಟಿಗೆಯೊಂದಿತ್ತು. ಚಿತ್ರ ಅದರಲ್ಲಿ ಅಳೆದು ಮಾಡಿಸಿದಂತೆ ಕುಳಿತಿತು.

ಇದನ್ನು ಬರೆಯುತ್ತಿರುವುದು ಎಜಿಸ್ತೊನ ಪುಸ್ತಕದಲ್ಲಿ. ಒಂದೊಂದು ಚಿತ್ರದ ಕೆಲಸಕ್ಕೂ ಅವನು ಒಂದೊಂದು ಪುಸ್ತಕ ಇಡುತ್ತಿದ್ದ. ಬರೆಯದೆ ಉಳಿದವು ಒಂಬತ್ತು ಸಿಕ್ಕವು. ನನ್ನ ಓದು ಐದನೆಯ ತರಗತಿ, ಜೀವನವೆಲ್ಲ ಹೊಲಿಗೆ. ಆದರೂ ಮಾತಾಡಲು ಮನೆಯಲ್ಲಿ ಯಾರೂ ಇಲ್ಲವಲ್ಲ.

ನಮ್ಮ ಕಾಫಿ ಪಾತ್ರೆ ಇಬ್ಬರ ಅಳತೆಯದು, ಒಬ್ಬರಿಗೆ ಮಾಡಿದರೆ ಸುಟ್ಟ ವಾಸನೆ. ಎರಡನೆಯ ಲೋಟವನ್ನು ಅವನ ಜಾಗದಲ್ಲಿಟ್ಟು, ಆರಿದ ಮೇಲೆ ಚೆಲ್ಲಿದೆ. ನಾಳೆ ಕಸದ ಗಾಡಿ ಬರುತ್ತದೆ.

ಮಾರ್ಚ್ 12, ಮಂಗಳವಾರ

ಪಕ್ಕದ ಮನೆಯ ಜೆಲಿಂದಾ ಬಂದಿದ್ದಳು. ಗಂಡನ ಬೇಕರಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದವಳು, ಅವಳಿಗೆ ಎಲ್ಲರ ಮೇಲೂ ಅನುಮಾನ.

‘ನಿನ್ನ ಪ್ರೊಫೆಸರು ಕಾರಿನ ಹಿಂದೆ ಏನನ್ನೋ ಮಲಗಿಸ್ಕೊಂಡು ಹೋದ್ರಲ್ಲೇ, ಎಜಿಸ್ತೊನ ಹೆಣಾನೂ ಅಷ್ಟು ಜೋಪಾನವಾಗಿ ಹೊತ್ತಿರ್ಲಿಲ್ಲ ಯಾರೂ.’

ಚಿತ್ರ ಎಂದೆ. ಪೆಟ್ಟಿಗೆ ಎಲ್ಲಿಂದ ಬಂತು ಎಂದು ಕೇಳಿದಳು. ಕಾರಿನಲ್ಲೇ ಇತ್ತು ಎಂದೆ. ‘ಓಹೋ’ ಎಂದು ಹುಬ್ಬು ಹಾರಿಸಿ, ನನ್ನ ಅಡುಗೆಮನೆಯಿಂದ ಎರಡು ಈರುಳ್ಳಿ ತೆಗೆದುಕೊಂಡು ಹೋದಳು.

ಮಾರ್ಚ್ 19, ಮಂಗಳವಾರ

ಸಂತ ಜೋಸೆಫನ ದಿನ. ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಉಂಡೆಗಳನ್ನು ಕರಿದೆ. ಯಾರಿಗೆ ಎಂದು ಕರಿದೆನೋ. ಅಷ್ಟರಲ್ಲಿ ಪ್ರೊಫೆಸರ್ ಬಂದರು. ಸಕ್ಕರೆ ಮೆತ್ತಿದ ಬೆರಳಿನಲ್ಲೇ ಫೋಟೊ ತೋರಿಸಿದರು.

ಅವರ ಲೆಕ್ಕದಲ್ಲಿ ಇದು ವನ್ನಿ ದೆಲ್ ಪೊಜ್ಜೊನ ಕೈ. ಐನೂರೆಪ್ಪತ್ತು ವರ್ಷದ ಹಿಂದೆ ನಮ್ಮ ಈ ಪಿಯೆವಾರ್ನೊ ಊರಿನ ಸನ್ಯಾಸಿನಿಯರ ಮಠಕ್ಕೆ ಅವನು ಐದು ಹಲಗೆಗಳ ಚಿತ್ರ ಬರೆದುಕೊಟ್ಟಿದ್ದ. ಸಿಪಾಯಿಗಳು ಬಂದು ಮಠ ಮುಚ್ಚಿಸಿದಾಗ ಐದೂ ಚೆದುರಿದವು. ನಾಲ್ಕು ಬೇರೆಬೇರೆ ಊರುಗಳ ಸಂಗ್ರಹಾಲಯಗಳಲ್ಲಿವೆ. ನಡುವಿನದು, ತಾಯಿ ಮಗುವಿನದು, ಇನ್ನೂರು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

‘ಅರ್ಮೀದಾ, ಇದು ಊರಿಗೇ ವಾಪಸ್ ಬರುತ್ತೆ. ಪಕ್ಕದಲ್ಲಿ ಫಲಕ ಹಾಕಿಸ್ತೀನಿ, ಎಜಿಸ್ತೊ ಕಾರ್ದಿ ಕೊಟ್ಟದ್ದು ಅಂತ. ಇದು ನನ್ನ ಮಾತು.’

ಗಾಯ ಮುಚ್ಚಿದವನ ಹೆಸರು ಯಾವ ಗೋಡೆಯ ಮೇಲೂ ಇರುವುದಿಲ್ಲ. ಎಜಿಸ್ತೊ ಐವತ್ತು ವರ್ಷ ಇಗರ್ಜಿಗಳಲ್ಲಿ ಮೊಣಕಾಲೂರಿ ಕೆಲಸ ಮಾಡಿದ, ಒಂದು ಕಡೆಯೂ ಅವನ ಹೆಸರಿಲ್ಲ. ಅವರು ಹೋದ ಮೇಲೂ ಬಹಳ ಹೊತ್ತು ನನಗೆ ಆ ಫಲಕವೇ ಕಣ್ಣಿಗೆ ಕಟ್ಟಿದಂತಿತ್ತು. ಕಪ್ಪು ಅಕ್ಷರ, ಬಿಳಿಯ ಗೋಡೆ.

ಇವತ್ತು ಅಪ್ಪಂದಿರ ದಿನವೂ ಹೌದು. ನಮ್ಮ ಮನೆಯಲ್ಲಿ ಅದರ ಮಾತೆತ್ತುತ್ತಿರಲಿಲ್ಲ. ನಮ್ಮ ಮಗ ಬಿಯಾಜೊ ಹತ್ತೊಂಬತ್ತು ದಿನ ಬದುಕಿದ್ದ, 1978ರ ಜನವರಿಯಲ್ಲಿ. ಚಳಿ ಕಡಿಮೆಯಾಗಲಿ, ಈಸ್ಟರಿಗೆ ಫೋಟೊ ತೆಗೆಸೋಣ ಎಂದುಕೊಂಡಿದ್ದೆವು. ಪ್ರತಿ ಜನವರಿಯಲ್ಲೂ ನಾನು ಕೇಳುತ್ತಿದ್ದೆ: ನೀನು ಕುಂಚ ಹಿಡಿಯುವವನು, ಒಂದು ಚೂರು ಕಾಗದದ ಮೇಲೆ ಅವನ ಮುಖ ಬರೆದುಕೊಡು. ‘ನೆನಪಿಲ್ಲ ಅರ್ಮೀದಾ’ ಎನ್ನುತ್ತಿದ್ದ. ಹತ್ತು ವರ್ಷ ಕೇಳಿ ಬಿಟ್ಟುಬಿಟ್ಟೆ. ಮುಖ ನನಗೂ ಉಳಿದಿಲ್ಲ. ಹಾಲು ಕೊಡುವಾಗ ಅವನ ಎಡಕಿವಿಯ ಮಡಿಕೆಯನ್ನು ಬೆರಳಿನಿಂದ ಬಿಡಿಸುತ್ತಿದ್ದೆ, ಬಿಟ್ಟ ಕೂಡಲೇ ಮತ್ತೆ ಮಡಿಚಿಕೊಳ್ಳುತ್ತಿತ್ತು. ಬೆರಳಿಗೆ ಅಷ್ಟು ನೆನಪಿದೆ.

ಏಪ್ರಿಲ್ 4, ಗುರುವಾರ

ಮಧ್ಯಾಹ್ನ ಪ್ರೊಫೆಸರ್ ಟೈಪು ಮಾಡಿದ ಕಾಗದ ತಂದಿದ್ದರು. ನಾನು ಮದುವೆಯಾಗಿ ಬಂದ 1975ರಿಂದಲೂ ಈ ಚಿತ್ರ ನನ್ನ ಅತ್ತೆಯ ಮಲಗುವ ಕೋಣೆಯಲ್ಲಿತ್ತು, ಅವರ ಮನೆತನದ ಸನ್ಯಾಸಿನಿಯೊಬ್ಬಳಿಂದ ಬಂದದ್ದು ಎಂದು ಅದರಲ್ಲಿತ್ತು.

ಅತ್ತೆಯ ಕೋಣೆಯಲ್ಲಿದ್ದದ್ದು ಅಂಗಡಿಯಲ್ಲಿ ತಂದ ಯೇಸುವಿನ ಪಟ ಎಂದೆ. ಅವರು ನಕ್ಕರು. ಎಜಿಸ್ತೊನೇ ಎಷ್ಟೋ ಸಲ ತಮಗೆ ಹೇಳಿದ್ದನಂತೆ. ಹಳೆಯ ಚಿತ್ರವನ್ನು ಕಳ್ಳರಿಗೆ ಹೆದರಿ ಬೀರುವಿನ ಹಿಂದೆ ಇಟ್ಟಿದ್ದರಂತೆ. ಹೊಸ ಸೊಸೆಗೆ ಎಲ್ಲವನ್ನೂ ತೋರಿಸುತ್ತಾರೆಯೇ.

‘ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಕಾಗದ ಇರದಿದ್ರೆ ತಜ್ಞರು ಚಿತ್ರದ ಮುಖಾನೂ ನೋಡಲ್ಲ. ಇದು ಬರೀ ಪದ್ಧತಿಗೆ. ಫಲಕಕ್ಕೂ ಇದೇ ಕಾಗದ ಬೇಕು.’

ಇಷ್ಟು ಓದಿದವರು ಬರೆದದ್ದನ್ನು ತಪ್ಪು ಎನ್ನಲು ನಾನು ಯಾರು. ರುಜು ಹಾಕಿದೆ. ನನ್ನ ಅಕ್ಷರ ಸೊಟ್ಟಗಾಯಿತು.

ಏಪ್ರಿಲ್ 16, ಮಂಗಳವಾರ

ಬೆಳಗಿನ ಏಳೂ ಇಪ್ಪತ್ತರ ಬಸ್ಸು ಹಿಡಿದು ಫ್ಲಾರೆನ್ಸಿನ ಪರೀಕ್ಷಾಲಯಕ್ಕೆ ಹೋಗಿ ಬಂದೆ. ಕಾಲು ಊದಿಕೊಂಡಿದೆ.

ಪರೀಕ್ಷೆ ಮಾಡುವವಳು ಇಲಾರಿಯಾ. ಮೂವತ್ತೈದು ಇರಬಹುದು, ಕೂದಲನ್ನು ಗಂಟುಕಟ್ಟಿ ಅದಕ್ಕೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ. ಚಿತ್ರ ಮೇಜಿನ ಮೇಲೆ ಅಂಗಾತ ಮಲಗಿತ್ತು. ನನಗೆ ಕೊಟ್ಟ ಕುರ್ಚಿಯಿಂದ ಎಲ್ಲವೂ ತಲೆಕೆಳಗು. ನಾನು ಸೆರಗಿನ ಅಂಚಿನ ಚಿನ್ನದ ಹೊಲಿಗೆಯನ್ನೇ ನೋಡುತ್ತ ಕುಳಿತೆ. ಎಲ್ಲಿಯೂ ತಪ್ಪಿಲ್ಲ.

ಮರ ಕಡಿದು ಐನೂರೆಪ್ಪತ್ತು ವರ್ಷವಾಗಿದೆಯಂತೆ. ಹುಳು ಕೊರೆದ ತೂತುಗಳು ಹಳೆಯವಂತೆ. ಮಗುವಿನ ಕೊರಳ ಹವಳದ ಸರದ ದಾರಕ್ಕೆ ಹಾಕಿದ ಹಳದಿ, ಸೀಸ ಮತ್ತು ತವರ ಕಾಯಿಸಿ ಮಾಡಿದ್ದಂತೆ. ನಡುವೆ ಇನ್ನೂರು ವರ್ಷ ಅದನ್ನು ಮಾಡುವುದನ್ನೇ ಜನ ಮರೆತಿದ್ದರಂತೆ. ಪ್ರೊಫೆಸರ್ ಮದುಮಗನ ಅಪ್ಪನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದರು.

‘ಮರ ಹಳೇದು ಅಂದ್ರೆ ಮರ ಹಳೇದು ಅಂತ ಅಷ್ಟೇ, ಪ್ರೊಫೆಸರ್’ ಎಂದಳು ಇಲಾರಿಯಾ, ತಲೆಯೆತ್ತದೆ.

‘ಕಣ್ಣು ಅಂತ ಒಂದಿರುತ್ತಮ್ಮ. ಅದು ನಿನ್ನ ಯಂತ್ರದಲ್ಲಿ ಬರಲ್ಲ.’

‘ಬರಲ್ಲ. ಅದಕ್ಕೇ ಯಂತ್ರ ಇಟ್ಕೊಂಡಿದೀವಿ.’

ಅವಳು ನನ್ನ ಕಡೆ ತಿರುಗಿ, ಚಿತ್ರದಲ್ಲಿ ಒಂದು ಚಿಕ್ಕ ಜಾಗದಲ್ಲಿ ನಿಮ್ಮವರ ಗೆರೆಗಳಿವೆ, ಆ ಕೆಲಸದ ಪುಸ್ತಕ ಸಿಕ್ಕೀತೇ ಎಂದು ಕೇಳಿದಳು. ಎಜಿಸ್ತೊನ ಗೆರೆಗಳೆಂದರೆ ಈ ಕೆಲಸದವರಿಗೆಲ್ಲ ಗೊತ್ತು. ಬಣ್ಣ ಉದುರಿದ ಜಾಗವನ್ನು ನಮ್ಮಲ್ಲಿ ಕದ್ದು ತುಂಬುವುದಿಲ್ಲ. ಕೂದಲೆಳೆಯಂಥ ನೆಟ್ಟಗಿನ ಗೆರೆಗಳನ್ನು ನೀರುಬಣ್ಣದಲ್ಲಿ ಒತ್ತೊತ್ತಾಗಿ ಎಳೆಯುತ್ತಾರೆ. ದೂರ ನಿಂತವರಿಗೆ ಚಿತ್ರ ಇಡಿಯಾಗಿ ಕಾಣಬೇಕು. ಹತ್ತಿರ ಬಂದವರಿಗೆ ಇಲ್ಲಿ ಏನೋ ಕಳೆದುಹೋಗಿದೆ, ಇದು ಆಮೇಲಿನ ಕೈ ಎಂದು ಗೊತ್ತಾಗಬೇಕು. ಹತ್ತಿರ ಬಂದವನಿಗೆ ಸುಳ್ಳು ಹೇಳಬಾರದು ಎನ್ನುತ್ತಿದ್ದ ಎಜಿಸ್ತೊ. ಕುಡಿದಾಗಲೂ ಹೇಳುತ್ತಿದ್ದ.

ಏಪ್ರಿಲ್ 17

ಪುಸ್ತಕಗಳು ನೂರಾ ಹನ್ನೆರಡು. ಇದರದು ಇಲ್ಲ. ಎರಡು ಸಲ ನೋಡಿದೆ.

ಏಪ್ರಿಲ್ 22, ಈಸ್ಟರ್ ಮರುದಿನ

ಜೆಲಿಂದಾ ಬಲವಂತ ಮಾಡಿ ಹೊಳೆದಂಡೆಗೆ ಊಟಕ್ಕೆ ಕರೆದೊಯ್ದಳು. ಎಳೆಯ ಬೀನ್ಸ್ ಕಾಳು, ಕುರಿಹಾಲಿನ ಚೀಸ್. ಊರಿನವರೆಲ್ಲ ಚಿತ್ರದ ಬಗ್ಗೆ ಕೇಳಿದರು. ಇಷ್ಟು ವರ್ಷ ನನ್ನನ್ನು ಕಂಡರೆ ಪ್ಯಾಂಟಿನ ಜಿಪ್ಪಿನ ಮಾತಾಡುತ್ತಿದ್ದವರು. ಮನೆಗೆ ಬಂದ ಮೇಲೆ ನೆನಪಾಯಿತು, ಬೆಳಿಗ್ಗೆ ಎರಡನೆಯ ಲೋಟವನ್ನು ನಾನೇ ಕುಡಿದಿದ್ದೆ.

ಮೇ 7, ಮಂಗಳವಾರ

ರಾತ್ರಿಯೂಟ ಬೇಡವೆನಿಸಿತು. ಸಂಜೆ ಪುರಭವನದಲ್ಲಿ ಪ್ರೊಫೆಸರ್ ಮಾತಾಡಿದರು. ಕುರ್ಚಿ ಸಾಲದೆ ಜನ ನಿಂತಿದ್ದರು. ನನ್ನನ್ನು ಮುಂದೆ ಕೂರಲು ಕರೆದರು, ನಾನು ಏಳನೆಯ ಸಾಲಿನಲ್ಲಿ ಜೆಲಿಂದಾಳ ಪಕ್ಕ ಕುಳಿತೆ. ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ, ಪರದೆಯ ಮೇಲಿನದೆಲ್ಲ ಮಂಜು.

ಚಿತ್ರ ಬರೆದವನು ಯಾರೆಂದು ಹಿಡಿಯುವುದು ಹೇಗೆ ಎಂದು ಹೇಳಿದರು. ಮುಖದಲ್ಲಿ ಹಿಡಿಯಲಾಗದು, ಏಕೆಂದರೆ ಮುಖ ಬರೆಯುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಉಗುರು, ಕಿವಿ, ಇವುಗಳಲ್ಲಿ ಕೈ ತನ್ನ ಪಾಡಿಗೆ ಓಡುತ್ತದೆ. ವನ್ನಿಯ ನಾಲ್ಕೂ ಹಲಗೆಗಳಲ್ಲಿ ಕಿವಿಗಳು ಒಂದೇ ತರಹ, ಅವರೆಕಾಳಿನಂತೆ ದುಂಡಗೆ. ಇಲ್ಲಿಯೂ ತಾಯಿಯ ಕಿವಿ ಹಾಗೆಯೇ. ಮಗುವಿನದು ಮಾತ್ರ ಅಲ್ಲ.

‘ಇಡೀ ಚಿತ್ರದಲ್ಲಿ ಸೋತಿರೋ ಜಾಗ ಅದೊಂದೇ. ಅದು ವನ್ನಿದಲ್ಲ, ನಮ್ಮ ಎಜಿಸ್ತೊಂದು. ಅಲ್ಲಿ ಬಣ್ಣ ಉದುರಿತ್ತು, ಪಾಪ ತುಂಬಿದಾನೆ. ದೇವರು ಅವನಿಗೆ ಶಾಂತಿ ಕೊಡ್ಲಿ, ಕಿವಿ ಮಾತ್ರ ಅವನಿಗೆ ಒಲೀಲಿಲ್ಲ.’

ಜನ ನಕ್ಕರು. ಪ್ರೀತಿಯಿಂದಲೇ ನಕ್ಕರು. ಜೆಲಿಂದಾ ನನ್ನ ಮೊಣಕೈ ಹಿಡಿದುಕೊಂಡಳು. ಹಾಗೆ ಯಾಕೆ ಹೇಳಿದರೋ ಪ್ರೊಫೆಸರ್. ಮಾತಿನ ಭರಾಟೆಯಲ್ಲಿ ಬಂದಿರಬೇಕು.

ಮೇ 8, ಬುಧವಾರ

ಅರವತ್ತೊಂದನೆಯ ಪುಸ್ತಕ: ಸಂತ ಲೂಚಿಯಾಳ ಕಿವಿ, ಉಗುರಿನಷ್ಟು ಜಾಗ, ಹನ್ನೊಂದು ದಿನದ ಕೆಲಸ. ಎಪ್ಪತ್ತೆಂಟು: ದೇವದೂತನ ಕಿವಿಯ ಹಾಲೆ, ಆರು ದಿನ. ತೊಂಬತ್ತು: ಕುರುಬನ ಕಿವಿ, ‘ಮತ್ತೆ ಅಳಿಸಿದೆ, ಮತ್ತೆ ಶುರು.’ ಓದುತ್ತ ಹೋದೆ. ಮೂವತ್ತು ನಲವತ್ತು ಕಿವಿಗಳಿವೆ. ಕಿವಿ ಅವನಿಗೆ ಒಲಿದಿತ್ತು. ಒಲಿಯದೆ ಏನು.

ಗೋಡೆಯ ಫಲಕದಲ್ಲಿ ಹೆಸರು ಹಾಕಿಸಿ, ಚಿತ್ರದ ತಪ್ಪನ್ನೂ ಅದೇ ಹೆಸರಿಗೆ ಹಚ್ಚುವುದಾದರೆ ಆ ಫಲಕ ಯಾರಿಗೆ ಬೇಕು.

ಮೇ 23, ಗುರುವಾರ

ಇಲಾರಿಯಾ ಮೊನ್ನೆ ಫೋನ್ ಮಾಡಿದ್ದಳು. ಒಬ್ಬರೇ ಬನ್ನಿ, ಪ್ರೊಫೆಸರಿಗೆ ಆಮೇಲೆ ಹೇಳೋಣ ಎಂದಿದ್ದಳು. ಕನ್ನಡಕ ತೆಗೆದುಕೊಂಡೇ ಹೋದೆ.

ಪರದೆಯ ಮುಂದೆ ಕೂರಿಸಿದಳು. ಮೊದಲು ತೋರಿಸಿದ್ದು ಒಳಗನ್ನು ಕಾಣಿಸುವ ಚಿತ್ರ, ಆಸ್ಪತ್ರೆಯಲ್ಲಿ ಮೂಳೆಗೆ ತೆಗೆಯುತ್ತಾರಲ್ಲ ಅಂಥದ್ದು. ಮಗುವಿನ ತಲೆಯ ಪಕ್ಕ ಒಂದು ಕಿವಿ, ದುಂಡಗೆ, ಅವರೆಕಾಳಿನ ಹಾಗೆ.

‘ನೋಡಿ ಸಿನ್ಯೋರಾ, ಕೆಳಗಡೆ ವನ್ನಿ ಥರದ ಕಿವಿ ಇದೆ. ಇಡಿಯಾಗಿದೆ. ಬಣ್ಣ ಉದುರಿಲ್ಲ, ಬಿರುಕಿಲ್ಲ, ಗೀರೂ ಇಲ್ಲ. ನಿಮ್ಮವರು ಅದರ ಮೇಲೆ ಗೆರೆ ಎಳೆದು ಬೇರೆ ಕಿವಿ ಮಾಡಿದಾರೆ. ನಾನು ಅವರ ಕೆಲಸ ನೋಡಿ ಕಲಿತವಳು. ಗಾಯ ಇಲ್ಲದ ಕಡೆ ಅವರು ಒಂದು ಗೆರೆ ಹಾಕಿದವರಲ್ಲ. ಏನೂ ಕಳೆದಿಲ್ಲದ ಜಾಗ ಇದು. ಇಲ್ಲಿ ಯಾಕೆ ತುಂಬಿದ್ರು?’

ಆಮೇಲೆ ಮೇಲಿನದನ್ನು ತೋರಿಸಿದಳು, ಪರದೆಯ ತುಂಬ ದೊಡ್ಡದು ಮಾಡಿ. ಮಳೆ ಬಿದ್ದ ಹಾಗೆ ನೆಟ್ಟಗಿನ ಗೆರೆಗಳು. ಕೆಂಪು, ಮಣ್ಣು ಬಣ್ಣ, ತುಸು ಹಸಿರು. ಅವಳು ಸ್ವಲ್ಪಸ್ವಲ್ಪವೇ ಚಿಕ್ಕದು ಮಾಡುತ್ತ ಹೋದಳು, ಗೆರೆಗಳು ಒಂದರೊಳಗೊಂದು ಕೂಡಿಕೊಂಡವು. ಎಡಕಿವಿ. ಮೇಲ್ತುದಿ ಒಳಕ್ಕೆ ಮಡಿಚಿಕೊಂಡಿತ್ತು. ಮಡಿಕೆಯ ನಡುವೆ ಹುಳು ಕಚ್ಚಿದ ಎಲೆಯಂತೆ ಒಂದು ಕಚ್ಚು.

ನನ್ನ ಬೆರಳು ತಾನಾಗಿಯೇ ಮುಂದೆ ಹೋಯಿತು. ಗಾಜು ತಣ್ಣಗಿತ್ತು.

ಇಲಾರಿಯಾ ನೀರು ತಂದುಕೊಟ್ಟಳು. ಇದರಿಂದಲೇ ಚಿತ್ರ ಸುಳ್ಳು ಎಂದು ಹೇಳಲಾಗದು, ಸರಿಪಡಿಸುವವನೊಬ್ಬ ವಿಚಿತ್ರವಾಗಿ ನಡೆದುಕೊಂಡ ಎಂದಷ್ಟೇ ಆಗುತ್ತದೆ ಎಂದಳು. ಜೂನ್ ಆರರಂದು ತಜ್ಞರ ಸಭೆ ಇದೆ, ಅವತ್ತೇ ತೀರ್ಮಾನ. ಅವರ ಮುಂದಿರುವುದು ಮರ, ಬಣ್ಣ, ಪ್ರೊಫೆಸರರ ಕಣ್ಣು, ಮತ್ತೆ ನನ್ನ ಕಾಗದ. ನನ್ನ ಕಾಗದವೇ ಗಟ್ಟಿ ಸಾಕ್ಷಿಯಂತೆ.

ಮುಖವನ್ನೂ ತೋರಿಸು ಎಂದು ಮಾತ್ರ ಕೇಳಿದೆ. ತೋರಿಸಿದಳು. ಗಲ್ಲ, ಅರೆತೆರೆದ ಬಾಯಿ, ಕಣ್ಣಿನ ಕೆಳಗಿನ ಉಬ್ಬು. ಕಿವಿ ಬಿಯಾಜೊನದಾದರೆ ಮುಖ? ನೋಡಿದೆ, ನೋಡಿದೆ. ನನಗೆ ಗುರುತು ಹತ್ತಲಿಲ್ಲ. ಹೆತ್ತವಳಿಗೆ ಗುರುತು ಹತ್ತಲಿಲ್ಲ.

ಮೇ 24

ಮಲಗಿದ್ದೆ. ಜೆಲಿಂದಾ ಸಾರು ತಂದಿಟ್ಟು ಹೋದಳು.

ಮೇ 27, ಸೋಮವಾರ

ನೆನಪಿಲ್ಲ ಎಂದಿದ್ದ.

ಹತ್ತು ಜನವರಿ ಕೇಳಿದ್ದೆ. ಹತ್ತು ಸಲವೂ ನನ್ನ ಮುಖ ನೋಡಿಯೇ ನೆನಪಿಲ್ಲ ಎಂದಿದ್ದ. ಮೂರನೆಯ ವರ್ಷ ನಾನು ಅತ್ತಾಗ ತಾನೂ ಅತ್ತಿದ್ದ. ಆಗ ಆ ಮುಖ ಮೂವತ್ತು ಹೆಜ್ಜೆಯಾಚೆ, ಹಲಗೆಗಳ ಹಿಂದೆ, ಕಂಬಳಿಯೊಳಗೆ ಇತ್ತು. ಅವನು ಬೀಗ ಹಾಕಿಕೊಂಡು ನೋಡುತ್ತಿದ್ದ. ನಾನು ಇತ್ತ ಒಲೆಯ ಮುಂದೆ ನಿಂತು, ಕಣ್ಣು ಮುಚ್ಚಿ, ಮೂಗು ಹೇಗಿತ್ತು, ಮೂಗು ಹೇಗಿತ್ತು ಎಂದು ಹುಡುಕುತ್ತಿದ್ದೆ. ಊಟಕ್ಕೆ ಬಾ ಎಂದು ಅಂಗಳದಿಂದ ಕೂಗಿದರೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ. ಆ ಕೈಯಲ್ಲಿ ಆ ಬಣ್ಣ ಎಷ್ಟು ಸಲ ಇತ್ತೋ. ಆ ಅಂಗಿಗಳನ್ನು ಒಗೆದವಳು ನಾನೇ.

ಬೇರೆಯವರ ಚಿತ್ರದಲ್ಲಿ ಗಾಯವಿಲ್ಲದ ಕಡೆ ಗೆರೆ ಎಳೆಯುವವನಲ್ಲ ಅವನು, ಚಿತ್ರವೇ ಅವನದು. ಲೋಕಕ್ಕೆ ಸುಳ್ಳು ಹೇಳಿದನೆಂದು ನನಗೆ ಸಂಕಟವಿಲ್ಲ. ಲೋಕ ಅವನಿಗೆ ಏನಾಗಬೇಕಿತ್ತು. ನನಗಿಂತ ಹತ್ತಿರ ಬಂದವರು ಯಾರಿದ್ದರು?

ನಿನ್ನೆ ಭಾನುವಾರದ ಹೂವು ಒಯ್ಯಲಿಲ್ಲ. ಇವತ್ತೂ ಒಯ್ಯಲಿಲ್ಲ. ಗೋರಿಯ ಮೇಲಿನವು ಒಣಗಿರುತ್ತವೆ.

ಹೊಲಿಗೆ ಪೆಟ್ಟಿಗೆಯ ತಳದಿಂದ ಬಿಯಾಜೊನ ಟೊಪ್ಪಿ ತೆಗೆದೆ. ಬಿಳಿಯ ಉಣ್ಣೆಯದು. ಎಡಗಡೆ ಮಾತ್ರ ಒಳಗೆ ಮೆತ್ತನೆಯ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದಿದ್ದೆ, ಮಡಿಚಿದ ಕಿವಿ ಉಜ್ಜಬಾರದೆಂದು. ಜನವರಿಯ ಚಳಿ, ತೊಟ್ಟಿಲಿನಲ್ಲೂ ಟೊಪ್ಪಿ ತೆಗೆಯುತ್ತಿರಲಿಲ್ಲ. ಆ ಕಿವಿಯನ್ನು ಕಂಡವರು ಸೂಲಗಿತ್ತಿ, ನಾನು, ಎಜಿಸ್ತೊ. ಸೂಲಗಿತ್ತಿ ಸತ್ತು ಇಪ್ಪತ್ತು ವರ್ಷ.

ಜೆಲಿಂದಾಳಿಗೆ ಎಲ್ಲ ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು. ‘ಆ ಪೆಟ್ಟಿಗೆ ಅಳತೆ ಸರಿ ಇತ್ತಲ್ಲೇ, ಅವತ್ತೇ ಅಂದ್ಕೊಂಡೆ’ ಎಂದಳು.

ಹೌದು. ಅಳೆದು ಮಾಡಿಸಿದಂತೆ ಎಂದು ನಾನೇ ಈ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ನನ್ನ ಕೈಯಿಂದಲೇ ಬರೆದು ನಾನೇ ಓದಲಿಲ್ಲ. ಮನ್ನೆಸ್ಕಿಗೆ ಫೋನ್ ಮಾಡಿ ಬರಲು ಹೇಳಿದೆ.

ಜೂನ್ 3, ಸೋಮವಾರ

ನಾಲ್ಕು ಗಂಟೆಗೆ ಫುಲ್ವಿಯೊ ಮನ್ನೆಸ್ಕಿ ಬಂದ. ಮಿಠಾಯಿ ಡಬ್ಬಿ ತಂದಿದ್ದ. ಕಾಫಿ ಕೊಡಲಿಲ್ಲ.

ಚಿತ್ರವನ್ನು ಬರೆದದ್ದು ಎಜಿಸ್ತೊ ಎಂದು ನೇರವಾಗಿ ಹೇಳಿದೆ. ಮೊದಲು ನಕ್ಕ. ಆಮೇಲೆ ಇಲಾರಿಯಾ ಏನಾದರೂ ಹೇಳಿದಳೇ ಎಂದು ಕೇಳಿದ. ನಾನು ಟೊಪ್ಪಿಯನ್ನು ಮೇಜಿನ ಮೇಲಿಟ್ಟು, ಒಳಗಿನ ಪಟ್ಟಿ ತೋರಿಸಿದೆ. ಅವನು ಓದಿದವನು, ಬೇಗ ಅರ್ಥವಾಯಿತು. ಕುರ್ಚಿಯಲ್ಲಿ ಕುಗ್ಗಿದ.

ಅವನು ಹೇಳಿದ್ದೆಲ್ಲವನ್ನೂ ಬರೆಯಲು ಕೈ ಬರುವುದಿಲ್ಲ. 1978ರ ಶರತ್ಕಾಲದಲ್ಲಿ ಹಲಗೆ ತಂದುಕೊಟ್ಟವನು ಅವನೇ, ಕೆಡವಿದ ಇಗರ್ಜಿಯೊಂದರ ಬೀರುವಿನದು. ಮೊದಲು ಪಂದ್ಯದಂತೆ ಶುರುವಾಯಿತಂತೆ, ವನ್ನಿಯ ಕೈ ನಿನಗೆ ಬರುತ್ತದೋ ಇಲ್ಲವೋ ನೋಡೋಣ ಎಂದು. ಎಜಿಸ್ತೊ ಆಗ ಹುಚ್ಚನಂತಿದ್ದನಂತೆ, ಕೆಲಸವಾದರೂ ಹಿಡಿದಿಡಲಿ ಎಂದು ತಾನು ಕೊಟ್ಟದ್ದಂತೆ. ಒಂದೂವರೆ ವರ್ಷ ಬರೆದ. ಮಗುವಿಗೆ ಮಾದರಿ ಯಾರು ಎಂದರೆ, ಇದ್ದಾನೆ ಎಂದನಂತೆ. ಮುಗಿದಾಗ ಫುಲ್ವಿಯೊನಿಗೆ ಆಸೆಯಾಯಿತು. ಇದನ್ನು ನಿಜವೆಂದೇ ಹೊರಗೆ ತರೋಣ ಎಂದ. ಅಂದಿನಿಂದ ಎಜಿಸ್ತೊ ಇನ್ನೂ ಮುಗಿದಿಲ್ಲ ಎನ್ನುತ್ತಲೇ ಬಂದ.

‘ನಲವತ್ತು ವರ್ಷ ಕಾಯಿಸಿದ ನನ್ನ. ಕೊನೆಗೆ ತೆಗೆದು ನೋಡಿದ್ರೆ ಕಿವಿ ಕೆಡಿಸಿಟ್ಟಿದಾನೆ.’

‘ಕೆಡಿಸಿಲ್ಲ’ ಎಂದೆ.

‘ನನಗೆ ಗೊತ್ತಿರ್ಲಿಲ್ಲ ಅರ್ಮೀದಾ. ಆಣೆ ಮಾಡಿ ಹೇಳ್ತೀನಿ, ಅದು ನಿಮ್ಮ ಮಗೂದು ಅಂತ ಗೊತ್ತಿರ್ಲಿಲ್ಲ.’

‘ಅದು ಗೊತ್ತಿರ್ಲಿಲ್ಲ. ಮಿಕ್ಕಿದ್ದೆಲ್ಲ ಗೊತ್ತಿತ್ತಲ್ಲ. ಅವನು ಸಾಯೋದನ್ನ ಕಾಯ್ತಿದ್ದೆ. ಪೆಟ್ಟಿಗೆ ಮಾಡಿಸಿಟ್ಟುಕೊಂಡು ಕಾಯ್ತಿದ್ದೆ. ನನ್ನ ಕೈಲಿ ಸುಳ್ಳು ಬರೆಸಿದೆ. ಆಮೇಲೆ ಊರಿನವರ ಮುಂದೆ ಅವನ ಕೈ ಸೋತಿದೆ ಅಂತ ನಗಿಸಿದೆ.’

ಅವನು ಎದ್ದು ಕಿಟಕಿಯ ಬಳಿ ನಿಂತ. ಮೆಲ್ಲಗೆ ಮಾತಾಡಿದ. ಸಭೆಯಲ್ಲಿ ನಾನು ಬಾಯಿ ತೆರೆದರೆ ತನ್ನ ಮಾನ ಹೋಗುತ್ತದೆ, ಹೋಗಲಿ, ತನಗೆ ಎಪ್ಪತ್ತೈದು. ಆದರೆ ಎಜಿಸ್ತೊ?

‘ನೂರಾ ಹನ್ನೆರಡು ಚಿತ್ರ ಮುಟ್ಟಿದಾನೆ ಅವನು. ನಾಳೆಯಿಂದ ಒಂದೊಂದರ ಮುಂದೂ ನಿಂತು, ಇದರಲ್ಲಿ ಎಷ್ಟು ನಿಜ ಎಷ್ಟು ಕಳ್ಳತನ ಅಂತ ಕೇಳ್ತಾರೆ. ಸತ್ತವನು ಬಂದು ಉತ್ತರ ಕೊಡ್ತಾನಾ? ಸುಮ್ಮನಿದ್ರೆ ಅವನ ಹೆಸರು ಗೋಡೆ ಮೇಲಿರುತ್ತೆ, ನಿನ್ನ ಮಗ ನೂರಾರು ವರ್ಷ ಬೆಳಕಿನಲ್ಲಿರ್ತಾನೆ. ಯಾರಿಗೇನು ನಷ್ಟ ಹೇಳು.’

ಅದು ನಿಜವೆನಿಸಿತು. ಅದಕ್ಕೇ ಇನ್ನಷ್ಟು ಉರಿಯಿತು. ಮಿಠಾಯಿ ಡಬ್ಬಿ ಎತ್ತಿ ಅವನ ಕೈಗೆ ಕೊಟ್ಟು ಬಾಗಿಲು ತೆರೆದೆ. ಅಂಗಳ ದಾಟುವಾಗ ಕೆಲಸದ ಕೋಣೆಯ ಕಡೆ ತಿರುಗಿ ನೋಡಿದ. ಮುದುಕನ ನಡಿಗೆ. ಇಷ್ಟು ದಿನ ಗಮನಿಸಿರಲಿಲ್ಲ.

ಜೂನ್ 4

ಪುಸ್ತಕಗಳನ್ನು ಮತ್ತೆ ಓದಿದೆ, ನೂರಾ ಹನ್ನೆರಡನ್ನೂ. ಎಷ್ಟು ಕಳೆದಿತ್ತು, ಎಷ್ಟು ತುಂಬಿದೆ, ಎಷ್ಟು ಗೆರೆ, ಎಲ್ಲ ಇದೆ. ಯಾರಾದರೂ ಕೇಳಿದರೆ ಇವೇ ಉತ್ತರ ಕೊಡಲಿ.

ಜೂನ್ 5, ಬುಧವಾರ

ಸಂಜೆ ಏಳು ಗಂಟೆ, ಹೊರಗೆ ಇನ್ನೂ ಬೆಳಕಿದೆ. ಬೆಳಿಗ್ಗೆ ಇಲಾರಿಯಾಳಿಗೆ ಫೋನ್ ಮಾಡಿ, ಏಪ್ರಿಲ್ ನಾಲ್ಕರಂದು ನಾನು ರುಜು ಹಾಕಿದ ಕಾಗದ ಸುಳ್ಳು, ಸಭೆಯಲ್ಲಿ ಬಂದು ಹೇಳುತ್ತೇನೆ ಎಂದೆ. ಅವಳು ಕೇಳಿದಳು.

‘ಸಿನ್ಯೋರಾ, ಅಲ್ಲಿ ಏನು ಕಳೆದಿತ್ತು ಅಂತ ನಿಮಗೆ ಗೊತ್ತು, ಅಲ್ವಾ?’

‘ಗೊತ್ತು.’

‘ಅದನ್ನೂ ಹೇಳ್ತೀರಾ?’

‘ಕೇಳಿದ್ರೆ ಹೇಳ್ತೀನಿ.’

ಎಜಿಸ್ತೊನ ಹೆಸರು ಉಳಿಸಲು ಹೋಗುತ್ತಿಲ್ಲ, ಕೆಡಿಸಲೂ ಅಲ್ಲ. ನನ್ನ ರುಜುವನ್ನು ವಾಪಸು ತರಲು ಹೋಗುತ್ತಿದ್ದೇನೆ. ನಾನು ಹಾಕಿರುವುದು ಬದುಕಿನಲ್ಲಿ ಏಳೆಂಟು ರುಜು. ಅವುಗಳಲ್ಲಿ ಒಂದು ಮದುವೆಯದು, ಒಂದು ಮಗುವಿನ ಸಾವಿನದು.

ಸುಳ್ಳೆಂದು ತೀರ್ಮಾನವಾದರೆ ಚಿತ್ರ ಯಾರಿಗೂ ಬೇಡ, ನನ್ನ ಮನೆಗೇ ಬರುತ್ತದಂತೆ. ಎಲ್ಲಿಡಬೇಕೋ ಗೊತ್ತಿಲ್ಲ. ಮಲಗುವ ಕೋಣೆಯಲ್ಲಿ ಅತ್ತೆಯ ಯೇಸುವಿನ ಪಟ ಇದ್ದ ಮೊಳೆ ಇನ್ನೂ ಇದೆ. ಕೆಲವು ದಿನ ಗೋಡೆಗೆ ಮುಖ ಮಾಡಿ ಇಟ್ಟರೂ ಇಟ್ಟೇನು. ಅವನು ಕಡೆಗೂ ಆ ಗೆರೆಗಳನ್ನು ನಾನು ನೋಡಲೆಂದೇ ಎಳೆದನೆಂದು ಜೆಲಿಂದಾ ಹೇಳುತ್ತಾಳೆ. ಇರಬಹುದು. ಅಂಗಳ ದಾಟಿ ಬಂದು ಬಾಯಲ್ಲಿ ಹೇಳಬಹುದಿತ್ತು.

ಜೆಲಿಂದಾ ಮಧ್ಯಾಹ್ನ ತನ್ನ ಹಳೆಯ ಕಾಫಿ ಪಾತ್ರೆ ಕೊಟ್ಟಳು, ಒಬ್ಬರ ಅಳತೆಯದು. ಹಿಡಿ ಸ್ವಲ್ಪ ಸಡಿಲ, ಕಾಫಿ ಚೆನ್ನಾಗಿ ಬರುತ್ತದೆ.

ಟೊಪ್ಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿಟ್ಟಿದ್ದೇನೆ. ಪಕ್ಕದಲ್ಲಿ ಕನ್ನಡಕ. ನಾಳೆ ಬಸ್ಸು ಏಳೂ ಇಪ್ಪತ್ತಕ್ಕೆ.